ಕಾಫಿ ಹುರಿಯುವಾಗ ಬಿಸಿ ನೋಡೋಕೆ ಟಿಕಿಂಟರೇ ಸಾಕಾಯ್ತು

ಸೆನ್ಸರಿನ ಅಂಕಿಯನ್ನು ಬಂದ ಹಾಗೇ ಕಂಪ್ಯೂಟರ್ ಪರದೆಯಲ್ಲಿ ತೋರಿಸಲು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಮೂರು ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಬಳಸಿ ನೋಡಿದೆ: ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಮತ್ತು ಪೈಕ್ಯೂಟಿಗ್ರಾಫ್, ವಿಂಡೋ ಮಾಡುವ ಟಿಕಿಂಟರ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟಿಕಿಂಟರ್‌ಗೆ. ಮ್ಯಾಟ್‌ಪ್ಲಾಟ್‌ಲಿಬ್ ನಂಬಿ ಅರ್ಧ ಕಿಲೋ ಅರೇಬಿಕಾ ಕರಕಲು ಮಾಡಿಕೊಂಡವನು ನಾನು. ಮಾತಿನಲ್ಲಿ ಸ್ವಲ್ಪ ಸಿಟ್ಟು ಕಂಡರೆ ಅದೇ ಕಾರಣ.

ಮನೆಯಲ್ಲಿ ಕೈಯಿಂದ ತಿರುಗಿಸುವ ಹಳೇ ಡ್ರಮ್ ಇದೆ, ಕಾಫಿ ಬೀಜ ಅದರಲ್ಲೇ ಹುರಿಯುತ್ತೇವೆ. ಒಳಗೆ ಬಿಸಿ ಅಳೆಯುವ ಒಂದು ಕೆ-ಟೈಪ್ ಥರ್ಮೋಕಪಲ್ ತೂರಿಸಿ, ಅದರ ಅಳತೆಯನ್ನು ಅಂಕಿಯಾಗಿಸುವ ಮ್ಯಾಕ್ಸ್6675 ಬೋರ್ಡ್ ಮೂಲಕ ಆರ್ಡುಯಿನೋ ಊನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿದ್ದೇನೆ. ಊನೋ ಯುಎಸ್‌ಬಿ ತಂತಿಯಲ್ಲಿ ಸಾಲಿಗೊಂದು ಅಂಕಿ ಕಳಿಸುತ್ತದೆ: 187.25, 187.50, ಹೀಗೆ. ಪೈಥಾನ್‌ನಲ್ಲಿ ಪೈಸೀರಿಯಲ್ ಅನ್ನೋ ಲೈಬ್ರರಿ ಅದನ್ನು ಓದುತ್ತದೆ. ಓದಿದ್ದು ಒಂದು ವಿಂಡೋದಲ್ಲಿ ಕಾಣಬೇಕು. ಕೆಲಸ ಅಷ್ಟೇ.

ಕಾಫಿ ಹುರಿಯುವವರಿಗೆಂದೇ ಆರ್ಟಿಸಾನ್ ಅನ್ನೋ ಉಚಿತ ತಂತ್ರಾಂಶ ಇದೆಯಲ್ಲ ಅಂತ ಕೇಳಬಹುದು. ಇದೆ, ಅದೂ ಪೈಥಾನ್‌ನಲ್ಲೇ ಬರೆದದ್ದು, ಚೆನ್ನಾಗಿಯೂ ಇದೆ. ಆದರೆ ನನಗೆ ಬೇಕಿದ್ದದ್ದು ಒಂದೇ ಒಂದು ದೊಡ್ಡ ಅಂಕಿ. ಜೊತೆಗೆ, ನಾನೇ ಮಾಡಬೇಕು ಅನ್ನೋ ಹುಚ್ಚು.

ಊನೋಗೆ ಕೋಡು ಬರೆಯುವ ಆರ್ಡುಯಿನೋ ಐಡಿಇ ತಂತ್ರಾಂಶದಲ್ಲೇ, ಬಂದ ಅಂಕಿಗಳ ಗ್ರಾಫ್ ತೋರಿಸುವ ಸೀರಿಯಲ್ ಪ್ಲಾಟರ್ ಇದೆ. ಸೆನ್ಸರ್ ಬದುಕಿದೆಯಾ ಅಂತ ನೋಡಲು ಅದು ಸಾಕು. ಅದನ್ನು ಮುಚ್ಚಲು ಮರೆತರೆ ವಿಂಡೋಸ್‌ನಲ್ಲಿ ಪೈಥಾನ್‌ಗೆ ಪೋರ್ಟ್ (ಯುಎಸ್‌ಬಿ ಸಂಪರ್ಕ) ಸಿಗುವುದಿಲ್ಲ, ಪರ್ಮಿಷನ್ ಎರರ್ ಬರುತ್ತದೆ.

ಇನ್ನು ಮ್ಯಾಟ್‌ಪ್ಲಾಟ್‌ಲಿಬ್. ಹುಡುಕಿದರೆ ಎಲ್ಲರೂ ಮೊದಲು ತೋರಿಸುವುದು, ಗ್ರಾಫನ್ನು ಮತ್ತೆ ಮತ್ತೆ ಬಿಡಿಸುವ ಅದರ ಫಂಕ್‌ಆನಿಮೇಷನ್. ಇಪ್ಪತ್ತು ಸಾಲು ಬರೆದರೆ ಗ್ರಾಫ್ ಓಡುತ್ತದೆ. ನನ್ನದೂ ಓಡಿತು. ಐದು ನಿಮಿಷ ನೀರು ಕಾಯಿಸಿ ಪರೀಕ್ಷೆ ಮಾಡಿದೆ, ಏನೂ ತೊಂದರೆ ಕಾಣಲಿಲ್ಲ. ಭಾನುವಾರ ಬೆಳಿಗ್ಗೆ ಡ್ರಮ್ ಒಲೆ ಮೇಲೆ ಏರಿತು.

ನನ್ನ ಡ್ರಮ್‌ನಲ್ಲಿ ಬೀಜ ಮೊದಲ ಸಲ ಸಿಡಿಯುವುದು 198 ಡಿಗ್ರಿ ಆಸುಪಾಸಿನಲ್ಲಿ. ಹತ್ತನೇ ನಿಮಿಷಕ್ಕೆ ಪರದೆ 190 ತೋರಿಸುತ್ತಿತ್ತು. ಅಮ್ಮ ಅಡುಗೆಮನೆ ಬಾಗಿಲಿಗೆ ಬಂದು, "ಚಟಚಟ ಅಂತಿದೆ ಕಣೋ, ನೋಡೋ" ಅಂದರು. "ಇನ್ನೂ ಎಂಟು ಡಿಗ್ರಿ ಇದೆ ಅಮ್ಮಾ, ಅದು ಹೊಟ್ಟು ಸಿಡಿಯೋ ಸದ್ದು" ಅಂದೆ. ಪರದೆಯಲ್ಲಿ 210 ಕಂಡಾಗ ಇಳಿಸಿದೆ. ಅಷ್ಟರಲ್ಲಿ ಮನೆ ತುಂಬಾ ಹೊಗೆ, ಬೀಜ ಎರಡನೇ ಸಲ ಸಿಡಿಯಲು ಶುರುವಾಗಿತ್ತು. ಮೊರಕ್ಕೆ ಸುರಿದು ನೋಡಿದರೆ ಎಣ್ಣೆ ಬಿಟ್ಟುಕೊಂಡ ಕರಿ ಬೀಜ.

ಥರ್ಮೋಕಪಲ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ತರಿಸಿದೆ. ಮುನ್ನೂರು ರೂಪಾಯಿ ದಂಡ. ತಪ್ಪು ಅಲ್ಲಿರಲಿಲ್ಲ.

ಊನೋ ಕಾಲು ಸೆಕೆಂಡಿಗೊಂದು ಸಾಲು ಕಳಿಸುತ್ತದೆ, ಅಂದರೆ 250 ಮಿಲಿಸೆಕೆಂಡಿಗೆ ಒಂದು. ನನ್ನ ಕೋಡು ಒಂದು ಸಲ ಗ್ರಾಫ್ ಬಿಡಿಸಿದಾಗ ಒಂದೇ ಸಾಲು ಓದುತ್ತಿತ್ತು. ನಡುವಿನ ಅಂತರ 200 ಮಿಲಿಸೆಕೆಂಡ್ ಅಂತ ಕೊಟ್ಟಿದ್ದೆ, ಸಾಕು ಅಂದುಕೊಂಡಿದ್ದೆ. ಆದರೆ ಅಕ್ಷ, ಗೆರೆ, ಅಂಕಿ ಎಲ್ಲವನ್ನೂ ಪ್ರತಿ ಸಲ ಹೊಸದಾಗಿ ಬಿಡಿಸಲು ನಮ್ಮ 4 ಜಿಬಿ ಲ್ಯಾಪ್‌ಟಾಪ್ ಇನ್ನೂ 80 ತೆಗೆದುಕೊಳ್ಳುತ್ತಿತ್ತು. ಒಟ್ಟು 280. ನಿಮಿಷಕ್ಕೆ 240 ಸಾಲು ಬಂದರೆ ಓದುವುದು 214. ಮಿಕ್ಕ 26 ಸಾಲು ಎಲ್ಲೂ ಹೋಗುವುದಿಲ್ಲ, ಓದುವವರೆಗೆ ಡೇಟಾ ಕಾದಿಡುವ ಬಫರ್‌ನಲ್ಲಿ ಸರದಿ ನಿಲ್ಲುತ್ತವೆ. ಪರದೆ ನಿಮಿಷಕ್ಕೆ ಆರೇಳು ಸೆಕೆಂಡಿನಂತೆ ಹಿಂದೆ ಬೀಳುತ್ತದೆ. ಹತ್ತನೇ ನಿಮಿಷಕ್ಕೆ ನಾನು ನೋಡುತ್ತಿದ್ದದ್ದು ಒಂದು ನಿಮಿಷ ಹಳೇ ಬಿಸಿ! ಎರರ್ ಇಲ್ಲ, ಗ್ರಾಫ್ ನಿಲ್ಲುವುದಿಲ್ಲ, ಗೆರೆ ನುಣ್ಣಗೆ ಏರುತ್ತಲೇ ಇರುತ್ತದೆ. ಗೊತ್ತಾಗೋದಾದರೂ ಹೇಗೆ, ಅಲ್ವಾ? ಕೊನೆಗೆ ಇನ್_ವೇಟಿಂಗ್ ಬೆಲೆಯನ್ನು ಪ್ರಿಂಟ್ ಮಾಡಿ ನೋಡಿದೆ. ಓದದೆ ಉಳಿದ ಬೈಟ್‌ಗಳ ಲೆಕ್ಕ ಅದು. 200, 400, 600 ಅಂತ ಏರುತ್ತಾ ಹೋಯಿತು.

ಮದ್ದು ಸಣ್ಣದು. ಪ್ರತಿ ಸಲ ಬಫರ್ ಖಾಲಿಯಾಗುವವರೆಗೆ ಓದಿ, ಕೊನೆಯ ಸಾಲನ್ನು ತೋರಿಸಬೇಕು. ಹಾಗೆ ಮಾಡಿದರೆ ಮ್ಯಾಟ್‌ಪ್ಲಾಟ್‌ಲಿಬ್ ಕೂಡ ನಿಜ ಹೇಳುತ್ತದೆ. ಆದರೂ ಮನಸ್ಸು ಒಡೆದುಹೋಗಿತ್ತು. ಹುರಿಯುವಾಗ ಗ್ರಾಫ್ ಯಾರು ನೋಡುತ್ತಾರೆ? ಒಂದು ಕೈ ಹಿಡಿಕೆ ಮೇಲೆ, ಇನ್ನೊಂದು ಒಲೆಯ ಗುಂಡಿ ಮೇಲೆ ಇರುತ್ತದೆ.

ಆಮೇಲೆ ಪೈಕ್ಯೂಟಿಗ್ರಾಫ್ ಹಾಕಿದೆ, ಪೈಸೈಡ್6 ಜೊತೆ (ಕ್ಯೂಟಿ ಅನ್ನುವ ವಿಂಡೋ ತಂತ್ರಾಂಶವನ್ನು ಪೈಥಾನಿಗೆ ತರುವ ಲೈಬ್ರರಿ ಅದು). ಮೂರರಲ್ಲಿ ಅತಿ ಚುರುಕು ಇದೇ, ಅದರಲ್ಲಿ ಮಾತಿಲ್ಲ. ಗೆರೆಯನ್ನು ಮೌಸಿನಲ್ಲಿ ಹಿಡಿದು ಎಳೆಯಬಹುದು, ಹಿಗ್ಗಿಸಬಹುದು. ಕ್ಯೂಟಿಯದ್ದೇ ಸೀರಿಯಲ್ ಪೋರ್ಟ್ ಇರುವುದರಿಂದ ಡೇಟಾ ಬಂದಾಗ ಅದು ತಾನೇ ಸಿಗ್ನಲ್ ಕೊಡುತ್ತದೆ, ನಾವು ಸುಮ್ನೆ ಇಣುಕಿ ನೋಡುತ್ತಿರಬೇಕಿಲ್ಲ. ಆದರೆ ಸಿಗ್ನಲ್ ಬಂದಾಗ ಅರ್ಧ ಸಾಲಷ್ಟೇ ಬಂದಿರಬಹುದು. ಪೂರ್ತಿ ಸಾಲು ಇದೆಯಾ ಅಂತ ಕೇಳಿಯೇ ಓದಬೇಕು. ನೂರಾರು ಎಂಬಿ ಇಳಿಸಿಕೊಳ್ಳಲು ಮೊಬೈಲ್ ಹಾಟ್‌ಸ್ಪಾಟಿನ ಅವತ್ತಿನ ಡೇಟಾ ಮುಗಿಯಿತು. ಒಂದು ಅಂಕಿ ತೋರಿಸೋಕೆ ಇದು ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸಿತು.

ಟಿಕಿಂಟರ್ ವಿಂಡೋಸ್‌ನ ಪೈಥಾನ್ ಜೊತೆಗೇ ಬರುತ್ತದೆ. ಉಬುಂಟುವಿನಲ್ಲಿ ಪೈಥಾನ್3-ಟಿಕೆ ಅನ್ನುವ ಪ್ಯಾಕೇಜ್ ಹಾಕಿಕೊಳ್ಳಬೇಕು, ಚಿಕ್ಕದು. ನೋಡಲು ಹಳೇ ಕಾಲದ್ದು, ಒಪ್ಪುತ್ತೇನೆ. ಮೊದಲ ಸಲ ನಾನೂ ಎಲ್ಲರಂತೆ ಕೊನೆಯಿಲ್ಲದ ವೈಲ್ ಲೂಪಿನಲ್ಲಿ, ಅಂದರೆ ಒಂದೇ ಕೆಲಸ ಸುತ್ತುತ್ತಲೇ ಇರುವ ಕೋಡಿನಲ್ಲಿ, ಸಾಲು ಓದುವ ರೀಡ್‌ಲೈನ್ ಇಟ್ಟೆ. ವಿಂಡೋ ಬೆಳ್ಳಗಾಗಿ 'ನಾಟ್ ರೆಸ್ಪಾಂಡಿಂಗ್' ಅಂತ ಕೂತಿತು. ಲೂಪ್ ತೆಗೆದು, ಇಷ್ಟು ಹೊತ್ತಿನ ಮೇಲೆ ಈ ಕೆಲಸ ಮಾಡು ಅನ್ನುವ ಆಫ್ಟರ್ ಬಳಸಿ 100 ಮಿಲಿಸೆಕೆಂಡಿಗೊಮ್ಮೆ ಬಫರ್ ಖಾಲಿ ಮಾಡಿಸಿದೆ. ಸರಿಹೋಯಿತು. ಥ್ರೆಡ್, ಕ್ಯೂ ಏನೂ ಬೇಕಾಗಲಿಲ್ಲ. ಅರ್ಧ ಸಾಲು ಸಿಕ್ಕರೂ ಚಿಂತೆಯಿಲ್ಲ: 9600 ಬಾಡ್ (ಸೆಕೆಂಡಿಗೆ 9600 ಬಿಟ್) ವೇಗದಲ್ಲಿ ನನ್ನ ಎಂಟು ಬೈಟಿನ ಸಾಲು ಪೂರ್ತಿ ಬರಲು ಒಂಬತ್ತು ಮಿಲಿಸೆಕೆಂಡೂ ಬೇಡ.

ಈಗ ವಿಂಡೋದಲ್ಲಿ ಇರುವುದು ಎರಡೇ ಲೇಬಲ್. ಮೇಲೆ 140 ಸೈಜಿನಲ್ಲಿ ಈಗಿನ ಬಿಸಿ, ಕೆಳಗೆ ಕಳೆದ 30 ಸೆಕೆಂಡಿನಲ್ಲಿ ಎಷ್ಟು ಏರಿತು ಅಂತ. 190 ದಾಟಿದರೆ ಹಿನ್ನೆಲೆ ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಒಲೆ ಹತ್ತಿರದಿಂದ ಕನ್ನಡಕ ಇಲ್ಲದೆಯೂ ಕಾಣುತ್ತದೆ.

ಯಾವುದನ್ನೇ ಹಾಕಿದರೂ ಕಾಡುವ ಎರಡು ಸಂಗತಿ ಇವೆ. ಪೋರ್ಟ್ ತೆರೆದ ಕೂಡಲೇ ಊನೋ ರೀಸೆಟ್ ಆಗುತ್ತದೆ, ಎರಡು ಸೆಕೆಂಡು ಕಾಯಿರಿ. ಮ್ಯಾಕ್ಸ್6675ಗೆ ಒಂದು ಅಳತೆ ಮುಗಿಸಲು 0.22 ಸೆಕೆಂಡಿನವರೆಗೆ ಬೇಕು. ಅವಸರ ಮಾಡಿ 100 ಮಿಲಿಸೆಕೆಂಡಿಗೆ ಕೇಳಿದರೆ ಅದೇ ಹಳೇ ಅಂಕಿ ಕೊಡುತ್ತಾ ಕೂರುತ್ತದೆ.

ಸೆಕೆಂಡಿಗೆ 80 ಅಳತೆ ಕೊಡುವ ಎಚ್ಎಕ್ಸ್711 ತೂಕದ ಬೋರ್ಡ್ ಥರದ್ದು ನಿಮ್ಮಲ್ಲಿದ್ದು, ಗೆರೆಯ ಆಕಾರವೇ ಮುಖ್ಯ ಆದರೆ ಕಣ್ಣು ಮುಚ್ಚಿಕೊಂಡು ಪೈಕ್ಯೂಟಿಗ್ರಾಫ್ ಹಾಕಿ. ನನ್ನಂತೆ ವಾರಕ್ಕೊಮ್ಮೆ ಹಳೇ ಲ್ಯಾಪ್‌ಟಾಪಿನಲ್ಲಿ ಒಂದು ಬಿಸಿ ನೋಡುವವರಿಗೆ ಟಿಕಿಂಟರ್. ಮ್ಯಾಟ್‌ಪ್ಲಾಟ್‌ಲಿಬ್ ತೆಗೆದುಹಾಕಿಲ್ಲ. ಟಿಕಿಂಟರ್ ಕೋಡೇ ಎಲ್ಲ ಅಂಕಿಗಳನ್ನೂ ಸಿಎಸ್‌ವಿ ಫೈಲಿಗೆ ಬರೆದಿಡುತ್ತದೆ. ಬೀಜ ಆರಿದ ಮೇಲೆ, ಕಾಫಿ ಕುಡಿಯುತ್ತಾ, ಹೋದ ವಾರದ ಗೆರೆ ಪಕ್ಕ ಈ ವಾರದ ಗೆರೆ ಬಿಡಿಸಿ ನೋಡಲು ಮ್ಯಾಟ್‌ಪ್ಲಾಟ್‌ಲಿಬ್ಬೇ ಬೇಕು.