ಬ್ಯಾಬಿಲಾನ್ 5: ನೂರಾಹತ್ತು ಕಂತುಗಳನ್ನು ಎಂಬತ್ತಕ್ಕೆ ಇಳಿಸುವ ಬಗೆ

ಅಮೆರಿಕದ ವೈಜ್ಞಾನಿಕ ಧಾರಾವಾಹಿ ‘ಬ್ಯಾಬಿಲಾನ್ 5’ ಅನ್ನು ಒಂದನ್ನೂ ಬಿಡದೆ ನೋಡಲು ಸುಮಾರು 80 ಗಂಟೆ ಬೇಕು. 1993ರಲ್ಲಿ ಬಂದ ‘ದ ಗ್ಯಾದರಿಂಗ್’ ಎಂಬ ಪೀಠಿಕೆಯ ಚಿತ್ರವನ್ನು ಬದಿಗಿಟ್ಟರೂ, 1994ರಿಂದ 1998ರವರೆಗಿನ ಐದು ಸೀಸನ್‌ಗಳಲ್ಲಿ ತಲಾ 22ರಂತೆ 110 ಕಂತುಗಳಿವೆ. ಹೊಸದಾಗಿ ನೋಡುವವರಿಗೆ ಇದು ಹೊರೆಯೆನಿಸುವುದು ಸಹಜ. ಆದ್ದರಿಂದಲೇ ಅಭಿಮಾನಿಗಳ ನಡುವೆ ‘ಇಷ್ಟು ನೋಡಿದರೆ ಸಾಕು’ ಎನ್ನುವ ಕಿರುಪಟ್ಟಿಗಳು ಓಡಾಡುತ್ತಿರುತ್ತವೆ. ಅಂಥದ್ದೊಂದು ಪಟ್ಟಿಯನ್ನು ನಂಬಿ ನನ್ನ ತಂಗಿಗೆ ಈ ಧಾರಾವಾಹಿಯನ್ನು ತೋರಿಸಿದೆ. ಯುದ್ಧ, ಒಳಸಂಚು, ಪುರಾತನ ಶತ್ರುವಿನ ಆಗಮನ ಎಲ್ಲವೂ ಅದರಲ್ಲಿದ್ದವು, ಕಥೆಯ ಎಳೆ ಎಲ್ಲಿಯೂ ಕಡಿಯಲಿಲ್ಲ. ಆದರೂ ಮೂರನೆಯ ಸೀಸನ್ನಿನ ನಡುವೆ ಅವಳು, “ಅಣ್ಣಾ, ಈ ಇಬ್ಬರು ರಾಯಭಾರಿಗಳ ಬಗ್ಗೆ ನೀನು ಇಷ್ಟೊಂದು ಹೇಳ್ತೀಯಲ್ಲ, ಅಂಥದ್ದು ಏನಿದೆ ಇವರಲ್ಲಿ?” ಎಂದು ಕೇಳಿದಾಗ ಪಟ್ಟಿ ಎಲ್ಲಿ ಎಡವಿದೆ ಎಂಬುದು ನನಗೆ ಹೊಳೆಯಿತು.

ಕಥೆ ನಡೆಯುವುದು ಐದು ಮೈಲಿ ಉದ್ದದ, ಎರಡೂವರೆ ಲಕ್ಷ ಜೀವಿಗಳಿರುವ ಒಂದು ಬಾಹ್ಯಾಕಾಶ ನಿಲ್ದಾಣದಲ್ಲಿ. ಮನುಷ್ಯರೂ ಅನ್ಯಗ್ರಹದವರೂ ಜಗಳವನ್ನು ಮಾತಿನಲ್ಲಿ ಬಗೆಹರಿಸಿಕೊಳ್ಳಲೆಂದು ಕಟ್ಟಿದ ಜಾಗವದು. ಇದರ ಸೃಷ್ಟಿಕರ್ತ ಜೆ. ಮೈಕಲ್ ಸ್ಟ್ರಾಜಿನ್ಸ್ಕಿ ಐದು ವರ್ಷಗಳ ಕಥೆಯನ್ನು ಮೊದಲೇ ಯೋಜಿಸಿಕೊಂಡು, 110ರಲ್ಲಿ 92 ಕಂತುಗಳನ್ನು ತಾನೇ ಬರೆದರು; ಮೂರು ಮತ್ತು ನಾಲ್ಕನೆಯ ಸೀಸನ್‌ಗಳಂತೂ ಪೂರ್ತಿಯಾಗಿ ಅವರವೇ. ವಾರಕ್ಕೊಂದು ಕಥೆ ಮುಗಿದು ಮುಂದಿನ ವಾರ ಎಲ್ಲವೂ ಮೊದಲಿನಂತಾಗುತ್ತಿದ್ದ ಧಾರಾವಾಹಿಗಳ ಕಾಲದಲ್ಲಿ ಇದು ಹೊಸ ಬಗೆಯ ಕಟ್ಟಡವಾಗಿತ್ತು. ಅಂಥ ಕಟ್ಟಡದಿಂದ ಇಟ್ಟಿಗೆ ತೆಗೆಯುವಾಗ, ‘ಮುಖ್ಯ ಕಥೆಗೆ ಸೇರಿದ್ದು’, ‘ಸೇರದ್ದು’ ಎಂಬ ಒಂದೇ ಅಳತೆಗೋಲು ಸಾಲದು. ಇಡೀ ರಾತ್ರಿಯ ಯಕ್ಷಗಾನವನ್ನು ಕಾಲಮಿತಿಗೆ ಇಳಿಸುವಾಗ ಪ್ರಸಂಗ ಉಳಿದು ಅರ್ಥಗಾರಿಕೆ ಬಡವಾದಂತೆ, ಇಲ್ಲಿಯೂ ಘಟನೆಗಳು ಉಳಿದು ಮನುಷ್ಯರು ಕಳೆದುಹೋಗುತ್ತಾರೆ. (ಇಲ್ಲಿ ‘ಮನುಷ್ಯರು’ ಎನ್ನುವಾಗ ನನ್ನ ಮನಸ್ಸಿನಲ್ಲಿರುವವರು ಬಹುಪಾಲು ಅನ್ಯಗ್ರಹದವರು ಎಂಬುದು ಬೇರೆ ಮಾತು.)

ಧಾರಾಳವಾಗಿ ಕತ್ತರಿ ಆಡಿಸಬಹುದಾದದ್ದು ಮೊದಲ ಸೀಸನ್ನಿನಲ್ಲಿ. ‘ಇನ್‌ಫೆಕ್ಷನ್’, ‘ಟಿಕೆಒ’, ‘ಗ್ರೇಲ್’ ಇವುಗಳನ್ನು ಬಿಟ್ಟವರು ಏನನ್ನೂ ಕಳೆದುಕೊಳ್ಳುವುದಿಲ್ಲ. ಹಾಗೆ ನೋಡಿದರೆ ‘ಇನ್‌ಫೆಕ್ಷನ್’ ನೋಡಿಯೇ ಧಾರಾವಾಹಿಯನ್ನು ಕೈಬಿಟ್ಟವರಿದ್ದರೆ ನನಗೆ ಆಶ್ಚರ್ಯವಿಲ್ಲ. ಹತ್ತು ಕಂತುಗಳನ್ನು ಉಳಿಸಿಕೊಂಡರೆ ಸಾಕು. ಅವುಗಳಲ್ಲಿ ಎರಡನ್ನು ಕಿರುಪಟ್ಟಿಗಳು ಸುಲಭವಾಗಿ ಬಿಟ್ಟುಬಿಡುತ್ತವೆ. ‘ದ ಕ್ವಾಲಿಟಿ ಆಫ್ ಮರ್ಸಿ’ ಮೇಲ್ನೋಟಕ್ಕೆ ಬಿಡಿ ಕಥೆ. ಆದರೆ ಒಬ್ಬರ ಜೀವಶಕ್ತಿಯನ್ನು ಇನ್ನೊಬ್ಬರಿಗೆ ದಾಟಿಸುವ ಯಂತ್ರವೊಂದು ನಿಲ್ದಾಣಕ್ಕೆ ಬರುವುದು ಅದರಲ್ಲಿಯೇ. ಎರಡನೆಯ ಸೀಸನ್ನಿನ ಆರಂಭದಲ್ಲಿ ಮತ್ತು ನಾಲ್ಕನೆಯದರ ಕೊನೆಯಲ್ಲಿ ಆ ಯಂತ್ರ ಮತ್ತೆ ಬಂದಾಗ, ಕಂತನ್ನು ಹಾರಿಸಿದವರಿಗೆ ಅದು ಲೇಖಕ ಅವಸರಕ್ಕೆ ಹುಟ್ಟಿಸಿದ ಪವಾಡದಂತೆ ಕಾಣುತ್ತದೆ. ಇನ್ನೊಂದು ‘ದ ಪಾರ್ಲಿಮೆಂಟ್ ಆಫ್ ಡ್ರೀಮ್ಸ್’. ಪ್ರತಿಯೊಂದು ಜನಾಂಗವೂ ತನ್ನ ಪ್ರಧಾನ ನಂಬಿಕೆಯನ್ನು ಉಳಿದವರಿಗೆ ತೋರಿಸುವ ಆ ವಾರದ ಕೊನೆಯಲ್ಲಿ, ಭೂಮಿಯ ಪರವಾಗಿ ನಿಲ್ದಾಣದ ಮುಖ್ಯಸ್ಥ ಕಮಾಂಡರ್ ಸಿಂಕ್ಲೇರ್ ಏನು ಮಾಡುತ್ತಾನೆ ಎಂಬುದನ್ನು ನಾನು ಹೇಳುವುದಿಲ್ಲ. ಮೂವತ್ತು ವರ್ಷ ಕಳೆದರೂ ಆ ದೃಶ್ಯ ಹಳತಾಗಿಲ್ಲ ಎಂದಷ್ಟೇ ಹೇಳುತ್ತೇನೆ. ‘ಬ್ಯಾಬಿಲಾನ್ ಸ್ಕ್ವೇರ್ಡ್’ ಹೇಗೂ ಎಲ್ಲ ಪಟ್ಟಿಗಳಲ್ಲಿ ಇರುವಂಥದ್ದು. ಅದರ ಒಗಟಿಗೆ ಉತ್ತರ ಸಿಗುವುದು ಮೂರನೆಯ ಸೀಸನ್ನಿನ ‘ವಾರ್ ವಿದೌಟ್ ಎಂಡ್’ ಎಂಬ ಜೋಡಿ ಕಂತುಗಳಲ್ಲಿ, ಆದ್ದರಿಂದ ಅದನ್ನು ಗಮನವಿಟ್ಟು ನೋಡಬೇಕು.

ಈಗ ಆ ಇಬ್ಬರು ರಾಯಭಾರಿಗಳ ಮಾತು. ಪೀಟರ್ ಜುರಾಸಿಕ್ ಅಭಿನಯಿಸಿರುವ ಲಾಂಡೋ ಮೊಲಾರಿ ಇಳಿಗಾಲದ ಸೆಂಟಾರಿ ಸಾಮ್ರಾಜ್ಯದವನು, ಮೊದಮೊದಲು ಬೀಸಣಿಗೆಯಂತೆ ನಿಂತ ಕೂದಲಿನ ಕುಡುಕ ವಿದೂಷಕನಾಗಿ ಕಾಣುತ್ತಾನೆ. ಆಂಡ್ರಿಯಾಸ್ ಕಟ್ಸುಲಾಸ್ ಅಭಿನಯದ ಜಿಕಾರ್, ಆ ಸಾಮ್ರಾಜ್ಯದ ಹಿಡಿತದಿಂದ ಬಿಡಿಸಿಕೊಂಡ ನಾರ್ನ್ ಜನಾಂಗದವನು, ಮೊದಲಿಗೆ ಖಳನಂತೆಯೇ ವರ್ತಿಸುತ್ತಾನೆ. ‘ಸೈನ್ಸ್ ಆ್ಯಂಡ್ ಪೋರ್ಟೆಂಟ್ಸ್’ ಕಂತಿನಲ್ಲಿ ಮೊರ್ಡೆನ್ ಎಂಬ ನಗುಮುಖದ ಅಪರಿಚಿತ ಬಂದು ಇಬ್ಬರಿಗೂ “ನಿಮಗೆ ಏನು ಬೇಕು?” ಎಂಬ ಒಂದೇ ಪ್ರಶ್ನೆ ಕೇಳುತ್ತಾನೆ. ಜಿಕಾರ್‌ಗೆ ಬೇಕಾದದ್ದು ಸೇಡು, ಅದರಾಚೆಗೆ ಏನು ಎಂಬುದು ಅವನಿಗೇ ತಿಳಿಯದು. ಲಾಂಡೋಗೆ ಬೇಕಾದದ್ದು ತನ್ನ ನಾಡಿನ ಹಳೆಯ ವೈಭವ. ಮುಂದಿನ ನಾಲ್ಕು ವರ್ಷಗಳ ಕಥೆ ಆ ಉತ್ತರಗಳಿಂದಲೇ ಹೊರಡುತ್ತದೆ. ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯನ್ನು 1996ರಲ್ಲಿ ಪಡೆದ ‘ದ ಕಮಿಂಗ್ ಆಫ್ ಶ್ಯಾಡೋಸ್’ನಲ್ಲಿ, ಶಾಂತಿ ಸಾಧ್ಯವೆಂದು ಜೀವನದಲ್ಲಿ ಮೊದಲ ಸಲ ನಂಬಿದ ಜಿಕಾರ್ ಲಾಂಡೋನ ಬಳಿಗೆ ಬಂದು ಕುಡಿಯಲು ಕೊಡಿಸುತ್ತಾನೆ; ಅಷ್ಟರಲ್ಲಿ ತಾನು ಏನು ಮಾಡಿ ಮುಗಿಸಿದ್ದೇನೆಂಬುದು ಲಾಂಡೋಗೆ ಮಾತ್ರ ಗೊತ್ತು. ‘ದ ಲಾಂಗ್, ಟ್ವೈಲೈಟ್ ಸ್ಟ್ರಗಲ್’ನಲ್ಲಿ ಅವನು ಯುದ್ಧನೌಕೆಯ ಕಿಟಕಿಯ ಬಳಿ ನಿಂತು ಕೆಳಗಿನ ಗ್ರಹವನ್ನು ನೋಡುತ್ತಿರುವಾಗ, ಒಂದು ಮಾತೂ ಇಲ್ಲದೆ ಅವನ ಮುಖ ಎಲ್ಲವನ್ನೂ ಹೇಳುತ್ತದೆ.

ಇಷ್ಟರವರೆಗೆ ಕಿರುಪಟ್ಟಿಗಳೂ ಸರಿಯಾಗಿಯೇ ಇರುತ್ತವೆ. ತಪ್ಪುವುದು ಮೂರನೆಯ ಸೀಸನ್ನಿನ ‘ಕನ್ವಿಕ್ಷನ್ಸ್’ನಂಥ ಕಂತುಗಳಲ್ಲಿ. ನಿಲ್ದಾಣದಲ್ಲಿ ಯಾರೋ ಬಾಂಬು ಇಡುತ್ತಿದ್ದಾರೆ ಎಂಬ ಅದರ ಮೇಲುಕಥೆ ಸಾಧಾರಣವಾದದ್ದು, ಮುಖ್ಯ ಕಥೆಗೆ ಬೇಕಾಗಿಯೂ ಇಲ್ಲ. ನನ್ನ ಕೈಗೆ ಸಿಕ್ಕ ಪಟ್ಟಿ ಅದನ್ನು ಕೈಬಿಟ್ಟಿತ್ತು. ಆದರೆ ಆ ಬಾಂಬಿನಿಂದಾಗಿ ಲಾಂಡೋ ಮತ್ತು ಜಿಕಾರ್ ಒಂದು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಒಬ್ಬ ಸೆಂಟಾರಿಯನ್ನು ಕೊಂದರೆ 500 ನಾರ್ನರನ್ನು ಕೊಲ್ಲುವ ಕಾನೂನು ಆಗಲೇ ಬಂದಿರುವುದರಿಂದ ಜಿಕಾರ್ ಅವನ ಮೈಮುಟ್ಟುವಂತಿಲ್ಲ. ಆದರೆ ತಾನೂ ಬದುಕಲು ಪ್ರಯತ್ನಿಸದೆ ಸುಮ್ಮನೆ ಕೂತು, ಅವನು ಸಾಯುವುದನ್ನು ನೋಡಬಹುದಲ್ಲ! ಹೊಗೆ ತುಂಬಿದ ಆ ಪೆಟ್ಟಿಗೆಯೊಳಗೆ ಜಿಕಾರ್ ನಗುವ ನಗೆಯನ್ನು ಕೇಳದೆ, ‘ಡಸ್ಟ್ ಟು ಡಸ್ಟ್’ನಲ್ಲಿ ಅವನಿಗೆ ಆಗುವ ಪರಿವರ್ತನೆಯ ತೂಕ ತಿಳಿಯುವುದಿಲ್ಲ. ತಂಗಿ ಕೇಳಿದ ಪ್ರಶ್ನೆಗೆ ಉತ್ತರ ಆ ಲಿಫ್ಟಿನಲ್ಲಿತ್ತು. ಮರುದಿನ ಅದೊಂದೇ ಕಂತನ್ನು ತೋರಿಸಿದೆ. ಆಮೇಲೆ ಪಟ್ಟಿಯನ್ನು ಮುಟ್ಟಲು ಅವಳೇ ಬಿಡಲಿಲ್ಲ.

ಆದ್ದರಿಂದ ನನ್ನ ಲೆಕ್ಕ ಹೀಗಿದೆ: ಎರಡನೆಯ ಸೀಸನ್ನಿನಲ್ಲಿ ನಾಲ್ಕನ್ನು, ಮೂರನೆಯದರಲ್ಲಿ ‘ಎಕ್ಸೋಜೆನೆಸಿಸ್’ ಒಂದನ್ನು ಬಿಡಬಹುದು; ನಾಲ್ಕನೆಯದರಲ್ಲಿ ಯಾವುದನ್ನೂ ಬಿಡಬಾರದು. ‘ಗ್ರೇ 17 ಈಸ್ ಮಿಸ್ಸಿಂಗ್’ನ ರಾಕ್ಷಸ ನಗೆಪಾಟಲಿಗೆ ಈಡಾಗುವಂತಿದ್ದರೂ, ಮಿನ್ಬಾರಿ ಎಂಬ ಅನ್ಯಗ್ರಹ ಜನಾಂಗದವರ ನಡುವಿನ ಅದರ ಇನ್ನೊಂದು ಎಳೆಗಾಗಿ ಸಹಿಸಿಕೊಳ್ಳಬೇಕು. ಐದನೆಯ ಸೀಸನ್ ಸಿಗುವುದೋ ಇಲ್ಲವೋ ಎಂಬ ಅನಿಶ್ಚಯದಲ್ಲಿ ನಾಲ್ಕನೆಯದಕ್ಕೆ ಕಥೆಯನ್ನು ಒತ್ತಿ ತುಂಬಲಾಯಿತು. ಟಿಎನ್‌ಟಿ ವಾಹಿನಿ ಕೈಹಿಡಿದು ಐದನೆಯದು ಸಿಕ್ಕಾಗ ಅದರ ಮೊದಲ ಅರ್ಧಕ್ಕೆ ಸರಕೇ ಉಳಿದಿರಲಿಲ್ಲ. ಬೈರನ್ ಎಂಬ ಟೆಲಿಪಾತ್ (ಪರರ ಮನಸ್ಸನ್ನು ಓದಬಲ್ಲವರ) ನಾಯಕನ ಉದ್ದನೆಯ ಪ್ರಕರಣವನ್ನು ನಾನು ಎರಡನೆಯ ಸಲ ಪೂರ್ತಿ ನೋಡಲಾರೆ. ಅಲ್ಲಿ ಒಂಬತ್ತು ಕಂತು ಸಾಕು, ಆದರೆ ಅವುಗಳಲ್ಲಿ ‘ದ ವೆರಿ ಲಾಂಗ್ ನೈಟ್ ಆಫ್ ಲಾಂಡೋ ಮೊಲಾರಿ’ ಇರಲೇಬೇಕು. ಒಟ್ಟು 80 ಕಂತು, 60 ಗಂಟೆಗೆ ತುಸು ಕಡಿಮೆ. ಅರ್ಧಕ್ಕೆ ಇಳಿಸಿದೆವೆಂದು ಬೀಗುವ ಪಟ್ಟಿಗಳ ಮುಂದೆ ಇದು ಜಿಪುಣತನವೆನಿಸಬಹುದು.

ಎರಡು ಎಚ್ಚರಿಕೆಗಳಿವೆ. 1998ರಲ್ಲಿ ಬಂದ ‘ಇನ್ ದ ಬಿಗಿನಿಂಗ್’ ಚಿತ್ರ ಹೆಸರಿಗೆ ಆರಂಭ, ಕಾಲಕ್ರಮದಲ್ಲಿಯೂ ಮೊದಲಿನದು; ಆದರೂ ಅದನ್ನು ಮೊದಲು ನೋಡಿದರೆ ಸಿಂಕ್ಲೇರ್‌ನ ಬದುಕಿನಿಂದ ಅಳಿಸಿಹೋದ 24 ಗಂಟೆಗಳ ಒಗಟು ಅಲ್ಲಿಯೇ ಒಡೆದುಹೋಗುತ್ತದೆ, ಹಾಗಾಗಿ ನಾಲ್ಕನೆಯ ಸೀಸನ್ ಮುಗಿಯುವವರೆಗೆ ಕಾಯಬೇಕು. ಎರಡನೆಯದು ಚಿತ್ರದ ಗುಣಮಟ್ಟ. ನೌಕೆಗಳ ದೃಶ್ಯಗಳನ್ನು ಆರಂಭದಲ್ಲಿ ಅಮಿಗಾ ಕಂಪ್ಯೂಟರುಗಳಲ್ಲಿ ರಚಿಸಲಾಗಿತ್ತು. ಇಂದಿನ ಕಣ್ಣಿಗೆ ಅವು ಆಟಿಕೆಯಂತೆಯೇ ಕಾಣುತ್ತವೆ. ಹಳೆಯ ಡಿವಿಡಿಗಳಲ್ಲಿ ಅಗಲ ಪರದೆಗಾಗಿ ಆ ದೃಶ್ಯಗಳನ್ನು ಕತ್ತರಿಸಿ ಹಿಗ್ಗಿಸಿದ್ದರಿಂದ ಇನ್ನಷ್ಟು ಮಸುಕಾಗಿದ್ದವು. 2021ರಲ್ಲಿ ಬಂದ ಪರಿಷ್ಕೃತ ಆವೃತ್ತಿ ಮೂಲದ 4:3 ಅಳತೆಗೆ ಮರಳಿರುವುದರಿಂದ, ಆಯ್ಕೆಯಿದ್ದರೆ ಅದನ್ನೇ ನೋಡುವುದು ಒಳ್ಳೆಯದು.

ಕೊನೆಯ ಕಂತು ‘ಸ್ಲೀಪಿಂಗ್ ಇನ್ ಲೈಟ್’ ಚಿತ್ರಿತವಾದದ್ದು ನಾಲ್ಕನೆಯ ಸೀಸನ್ನಿನ ಜೊತೆಗೆ. ಐದನೆಯ ಸೀಸನ್ ಪೂರ್ತಿ ಕಾಣದ ನಟಿ ಕ್ಲಾಡಿಯಾ ಕ್ರಿಶ್ಚಿಯನ್, ನಿಲ್ದಾಣದ ಅಧಿಕಾರಿ ಇವಾನೋವಾಳಾಗಿ ಅಲ್ಲಿ ಮತ್ತೆ ಎದುರಾಗುವುದು ಇದೇ ಕಾರಣಕ್ಕೆ. ಅದನ್ನು ನಿರ್ದೇಶಿಸಿದವರೂ ಸ್ಟ್ರಾಜಿನ್ಸ್ಕಿಯೇ. ಆ ಕಂತಿನಲ್ಲಿ ನಿಲ್ದಾಣದ ದೀಪ ಆರಿಸಿ ಹೋಗುವ ಕೆಲಸಗಾರನೊಬ್ಬ ಕೆಲವೇ ಕ್ಷಣ ಕಾಣಿಸುತ್ತಾನೆ; ಅವರು ಯಾರೆಂದು ನಾನು ಹೇಳುವ ಮೊದಲೇ ತಂಗಿ ಊಹಿಸಿದ್ದಳು.