ತೊಗರಿ ಲಾರಿ ಹಂಚಿಕೆ ಬೇಗ ಬಿಡಿಸಲು: ವಾರ್ಮ್ ಸ್ಟಾರ್ಟ್, ಫಿಕ್ಸಿಂಗ್, ನೇರ ನೆಟ್‌ವರ್ಕ್

ಆಳಂದ, ಸೇಡಂ, ಚಿಂಚೋಳಿ, ಜೇವರ್ಗಿ ಖರೀದಿ ಕೇಂದ್ರಗಳ ತೊಗರಿಯನ್ನು ಕಲಬುರಗಿಯ ದಾಲ್‌ಮಿಲ್‌ಗಳಿಗೆ ಹಂಚುವ ಲೆಕ್ಕದ ಮೇಲೆ ಮಷೀನ್ ಲರ್ನಿಂಗ್ ಬಳಸುವ ಮೂರು ದಾರಿಗಳನ್ನು ಹೋಲಿಸಿದೆವು: ಹಳೆಯ ಉತ್ತರಗಳಿಂದ ಕಲಿತ ನೆಟ್‌ವರ್ಕ್‌ನ ಊಹೆಯನ್ನು ಸಾಲ್ವರ್‌ಗೆ (ಕನಿಷ್ಠ ವೆಚ್ಚದ ಉತ್ತರ ಹುಡುಕುವ ತಂತ್ರಾಂಶ) ಆರಂಭಿಕ ಉತ್ತರವಾಗಿ ಕೊಡುವ ವಾರ್ಮ್ ಸ್ಟಾರ್ಟ್, ಕೆಲವು ಚರಗಳನ್ನು ಊಹೆಯಂತೆ ಮೊದಲೇ ಕಟ್ಟಿಬಿಡುವ ಫಿಕ್ಸಿಂಗ್, ಸಾಲ್ವರ್ ಇಲ್ಲದೆ ನೆಟ್‌ವರ್ಕೇ ಹಂಚಿಕೆ ಹೇಳುವ ನೇರ ನೆಟ್‌ವರ್ಕ್. ಲಾರಿಗೆ 100 ಕ್ವಿಂಟಲ್, ಪ್ರತಿ ಮಿಲ್ಲಿಗೂ ದಿನದ ಮಿತಿ, ಒಂದು ಕೇಂದ್ರದಿಂದ ಹೆಚ್ಚೆಂದರೆ ಎರಡು ಮಿಲ್ಲಿಗೆ ಮಾಲು, ಬಾಡಿಗೆ ಕನಿಷ್ಠವಾಗಬೇಕು.

ಮೊದಲು ಸಾಲ್ವರ್‌ಗೆ ಕೊಡುವ ಲೆಕ್ಕದ ಮಾಡೆಲ್ ಸರಿಪಡಿಸಿಕೊಳ್ಳಿ. ಪ್ರತಿ ಲಾರಿಗೂ ಬೇರೆ 0/1 ಚರ (ಇಲ್ಲ–ಹೌದು ನಿರ್ಧಾರ) ಕೊಟ್ಟರೆ, ಒಂದೇ ತರದ ಲಾರಿಗಳನ್ನು ಅದಲುಬದಲು ಮಾಡಿದರೂ ವೆಚ್ಚ ಅಷ್ಟೇ. ತರಬೇತಿಯ ಉತ್ತರಗಳು ಒಂದಕ್ಕೊಂದು ತಾಳೆಯಾಗದೆ ಊಹೆಯೆಲ್ಲ 0, 1ರ ನಡುವೆಯೇ ನಿಲ್ಲುತ್ತದೆ. ಕೇಂದ್ರ–ಮಿಲ್ ಜೋಡಿಗೆ ಲಾರಿ ಸಂಖ್ಯೆಯನ್ನೇ ಪೂರ್ಣಾಂಕ ಚರ ಮಾಡಿ, ‘ಈ ಜೋಡಿ ಬಳಕೆಯಲ್ಲಿದೆಯೇ’ ಎಂಬುದಕ್ಕೆ ಮಾತ್ರ 0/1 ಇಡಿ. ಇಷ್ಟಕ್ಕೇ ಬರೀ ಸಾಲ್ವರ್ ಸಾಕಾದರೆ ಮಷೀನ್ ಲರ್ನಿಂಗ್ ಬೇಡವೇ ಬೇಡ.

ವಾರ್ಮ್ ಸ್ಟಾರ್ಟ್ ನಿರಪಾಯ. ಊಹೆ ತಪ್ಪಿದರೆ ಸಾಲ್ವರ್ ಅದನ್ನು ಬದಿಗಿಡುತ್ತದೆ. ಪೈಥಾನ್ ಲೈಬ್ರರಿ ಸೈಪೈನ ಮಿಲ್ಪ್ (milp) ಫಂಕ್ಷನ್ ಆರಂಭಿಕ ಉತ್ತರ ತೆಗೆದುಕೊಳ್ಳುವುದಿಲ್ಲ. ಅದರೊಳಗಿನ ಹೈಸ್ ಸಾಲ್ವರನ್ನು ಅದರ ಪೈಥಾನ್ ಲೈಬ್ರರಿ ಹೈಸ್‌ಪೈ (highspy) ಮೂಲಕ ನೇರ ಕರೆದು ಸೆಟ್‌ಸಲ್ಯೂಷನ್ (setSolution) ಬಳಸಿ. ಆದರೆ ಲಾಗ್ ನೋಡಿ: ಒಳ್ಳೆಯ ಉತ್ತರ ಬೇಗ ಸಿಕ್ಕು, ಕೆಳಮಿತಿ (ವೆಚ್ಚ ಇದಕ್ಕಿಂತ ಇಳಿಯದು ಎಂಬ ಗಡಿ) ಮಾತ್ರ ನಿಧಾನಕ್ಕೆ ಏರುತ್ತಿದ್ದರೆ, ಸಮಯ ಹೋಗುತ್ತಿರುವುದು ಉತ್ತರವನ್ನು ಸಾಬೀತುಪಡಿಸಲು. ಅಲ್ಲಿ ವಾರ್ಮ್ ಸ್ಟಾರ್ಟ್‌ನಿಂದ ಹೆಚ್ಚೇನೂ ಗಿಟ್ಟದು.

ನಮ್ಮ ಒಲವು ಫಿಕ್ಸಿಂಗ್ ಕಡೆ, ಆದರೆ ಬಿಗಿಯಾಗಿ ಅಲ್ಲ. ಸಂಭಾವ್ಯತೆ 0.98 ದಾಟಿದ್ದನ್ನು 1, 0.02ಕ್ಕಿಂತ ಕಡಿಮೆಯದನ್ನು 0 ಎಂದು ಕಟ್ಟಿಬಿಟ್ಟರೆ ವೇಗ ಬರುತ್ತದೆ. ಆದರೆ ಚಿಂಚೋಳಿಗೆ ಕಟ್ಟಿದ ಎರಡೂ ಮಿಲ್ಲುಗಳ ಮಿತಿ ಆ ದಿನ ಇಳಿದಿದ್ದರೆ ಪರಿಹಾರವೇ ಇಲ್ಲ ಎನ್ನುತ್ತದೆ. ಅದಕ್ಕೆ ಹಾಗೆ ಕಟ್ಟುವ ಬದಲು 2003ರಲ್ಲಿ ಫಿಶೆಟ್ಟಿ, ಲೋಡಿ ಹೇಳಿದ ಲೋಕಲ್ ಬ್ರಾಂಚಿಂಗ್ ನಿಬಂಧನೆ ಸೇರಿಸಿ: ಊಹೆಯ ಚರಗಳಲ್ಲಿ ಹೆಚ್ಚೆಂದರೆ 5 ಬದಲಾಗಬಹುದು. ಆಗದಿದ್ದರೆ 10, ಕೊನೆಗೆ ನಿಬಂಧನೆಯನ್ನೇ ತೆಗೆಯಿರಿ. ಒಂದು ಎಚ್ಚರ: ಆಗ ಸಾಲ್ವರ್ ತೋರಿಸುವ ‘ಆಪ್ಟಿಮಲ್’ (ಅತ್ಯುತ್ತಮ) ಆ ನಿಬಂಧನೆಯ ವ್ಯಾಪ್ತಿಗಷ್ಟೇ. ಮೂಲ ಸಮಸ್ಯೆಯ ಕೆಳಮಿತಿಯನ್ನು ಈ ನಿಬಂಧನೆಯಿಲ್ಲದ ಎಲ್‌ಪಿಯಿಂದ (ಪೂರ್ಣಾಂಕದ ಷರತ್ತು ಬಿಟ್ಟ ಲೆಕ್ಕ) ತನ್ನಿ.

ನೇರ ನೆಟ್‌ವರ್ಕ್ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಡುತ್ತದೆ. ಪ್ರತಿ ಕೇಂದ್ರಕ್ಕೂ ಸಾಫ್ಟ್‌ಮ್ಯಾಕ್ಸ್ (ಪಾಲುಗಳ ಮೊತ್ತ 1 ಆಗಿಸುವ ಸೂತ್ರ) ಹಾಕಿದರೆ ದಾಸ್ತಾನು ಸರಿಹೋದರೂ ಮಿಲ್ ಮಿತಿ ಮೀರಬಹುದು. ಲಾರಿ ಸಂಖ್ಯೆ ದುಂಡಾಗಿಸಿದಾಗ ಮತ್ತೆ ಕೆಡುತ್ತದೆ. ಈ ಕೆಲಸಕ್ಕೆ ಬೇಡ.

ಯಾವುದನ್ನೇ ಆರಿಸಿ, ತರಬೇತಿ–ಪರೀಕ್ಷೆ ದತ್ತಾಂಶವನ್ನು ದಿನಾಂಕದ ಮೇಲೆ ಬೇರ್ಪಡಿಸಿ. ಒಂದೇ ದಿನದ ದಾಸ್ತಾನನ್ನು ಅಲ್ಲಿಷ್ಟು ಇಲ್ಲಿಷ್ಟು ಬದಲಿಸಿ ಮಾಡಿದ ಪ್ರತಿಗಳು ಎರಡೂ ಕಡೆ ಸೇರಿದರೆ ಅಂಕ ಚೆನ್ನಾಗಿ ಕಾಣುತ್ತದೆ. ಆದರೆ ಜನವರಿಯಲ್ಲಿ ಆವಕ ಏರಿದ ದಿನ ಊಹೆ ಕೈಕೊಡುತ್ತದೆ.