ಮಡಿಕೇರಿಯ ಪೋಸ್ಟ್‌ಕಾರ್ಡ್ ಕೋಣೆ: ಹಿಂಬದಿ ತೋರಿಸಿ ಅಂತ ಕೇಳಿ

ಐದರಲ್ಲಿ ನಾಲ್ಕು ಸ್ಟಾರ್. ಒಂದು ಸ್ಟಾರ್ ಕಳೆದದ್ದು ಅಂಟಿನ ಕಾರಣಕ್ಕೆ. ಅದನ್ನು ಆಮೇಲೆ ಹೇಳುತ್ತೇನೆ.

ಮಡಿಕೇರಿಯ ಒಂದು ಖಾಸಗಿ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಹಳೇ ಚಿತ್ರದ ಪೋಸ್ಟ್‌ಕಾರ್ಡುಗಳ ಸಂಗ್ರಹ ಇದೆ. ಹೆಸರು ಹಾಕುತ್ತಿಲ್ಲ. ನೋಡಿಕೊಳ್ಳುವವರು ಇಬ್ಬರೇ, ಸೀಸನ್ನಿನಲ್ಲಿ ಟೂರಿಸ್ಟುಗಳು ನುಗ್ಗಿದರೆ ಕಷ್ಟ, ಬರೆಯಬೇಡಿ ಅಂತ ಅವರೇ ಹೇಳಿದರು. ಊರಿನವರಿಗೆ ಯಾವುದು ಅಂತ ಗೊತ್ತಾಗುತ್ತದೆ ಬಿಡಿ.

ನಾನು ಹೋಗಿದ್ದು ಸೊಸೆಯ ಕೆಲಸಕ್ಕೆ. ಅವಳ ಹೋಂಸ್ಟೇಯ ಊಟದ ಹಾಲಿಗೆ ಹಳೇ ಕೊಡಗಿನ ಚಿತ್ರಗಳು ಬೇಕಿದ್ದವು. ಮೊಬೈಲಿನಲ್ಲಿ ಸಿಗುವ ನಾಲ್ಕೈದು ಚಿತ್ರಗಳನ್ನೇ ಎಲ್ಲರೂ ಗೋಡೆಗೆ ಹಾಕಿಕೊಂಡಿದ್ದಾರೆ, ನನಗೆ ಬೇರೆ ಬೇಕು ಅಂದಳು. ನಾನು ಪೋಸ್ಟ್ ಆಫೀಸಿನಲ್ಲಿ ಕೆಲಸ ಮಾಡಿ ರಿಟೈರ್ ಆದವಳು. ಸೀಲು, ಸ್ಟಾಂಪು ಬಿಟ್ಟು ಬರೀ ಚಿತ್ರ ನೋಡಿ ಬಾ ಅಂದರೆ ನನ್ನ ಕೈಲಿ ಆಗುವ ಕೆಲಸ ಅಲ್ಲ.

ಮೊದಲೇ ಫೋನ್ ಮಾಡಿ ಹೋಗಬೇಕು. ಬ್ಯಾಗು, ಪೆನ್ನು, ನೀರಿನ ಬಾಟಲಿ ಎಲ್ಲ ಹೊರಗೆ. ಪೆನ್ಸಿಲ್ ಅವರೇ ಕೊಡುತ್ತಾರೆ. ಒಂದು ಸಲಕ್ಕೆ ಒಂದೇ ಫೋಲ್ಡರ್. ಬಿಳಿ ಗ್ಲೌಸ್ ಕೊಡುವುದಿಲ್ಲ, ಸೋಪು ಹಾಕಿ ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಬನ್ನಿ ಅನ್ನುತ್ತಾರೆ. ಅದೇ ಸರಿ. ಬಟ್ಟೆ ಗ್ಲೌಸ್ ಹಾಕಿದರೆ ಕಾಗದದ ಅಂಚು ಬೆರಳಿಗೆ ತಿಳಿಯುವುದಿಲ್ಲ, ಮೂಲೆ ಹರಿದೇ ಹೋಗುತ್ತದೆ. ಫೋಟೊ ಕಾಗದದ ಮೇಲೇ ಅಸಲಿ ಫೋಟೊ ಮೂಡಿಸಿದ ಕಾರ್ಡುಗಳಿಗೆ ಮಾತ್ರ ಡಾಕ್ಟರ್ ಹಾಕುವಂಥ ಗ್ಲೌಸ್ ಕೊಡುತ್ತಾರೆ, ಯಾಕೆಂದರೆ ಅವುಗಳ ಮೇಲೆ ಬೆರಳಚ್ಚು ಕೂರುತ್ತದೆ. ಬಿಡಿ ಕಾರ್ಡುಗಳೆಲ್ಲ ಪಾರದರ್ಶಕ ಕವರಿನಲ್ಲಿವೆ. ತೆಗೆಯದೇನೇ ತಿರುಗಿಸಿ ನೋಡಬಹುದು.

ಆದರೆ ಯಾರೂ ತಿರುಗಿಸುವುದಿಲ್ಲ! ನನ್ನ ಪಕ್ಕದ ಮೇಜಿನಲ್ಲಿ ಕಾಲೇಜು ಹುಡುಗ ಒಬ್ಬ ಪಟಪಟ ಅಂತ ಮುಂಬದಿಯ ಫೋಟೊ ತೆಗೆದುಕೊಂಡು ಹೋಗುತ್ತಿದ್ದ. 'ಹಿಂದೆ ನೋಡಪ್ಪ' ಅಂದೆ. 'ಹಿಂದೆ ಏನಿದೆ ಆಂಟಿ, ಬರೀ ಅಡ್ರೆಸ್' ಅಂದ. ಹೌದು, ಅಡ್ರೆಸ್. ಊರು ಯಾವುದು, ವರ್ಷ ಯಾವುದು, ಕಳಿಸಿದ್ದು ಯಾರು ಅನ್ನುವುದೆಲ್ಲ ಇರುವುದು ಅಲ್ಲೇ.

ಒಂದು ಕಾರ್ಡಿನ ಕತೆ ಹೇಳುತ್ತೇನೆ. ಮುಂದೆ ಮಡಿಕೇರಿ ಕೋಟೆಯೊಳಗಿನ ಎರಡು ಆನೆ ಪ್ರತಿಮೆಗಳು, ಪಕ್ಕದಲ್ಲಿ ತಲೆಗೆ ಬಟ್ಟೆ ಸುತ್ತಿದ ಒಬ್ಬ ಮನುಷ್ಯ. ಕೆಟಲಾಗ್ ಚೀಟಿಯಲ್ಲಿ 'ಕೋಟೆ, ಮಡಿಕೇರಿ' ಅಂತ ಇದೆ, ಅಷ್ಟೇ. ತಿರುಗಿಸಿದರೆ ಇಂಗ್ಲೆಂಡಿನ ರಾಜ ಏಳನೇ ಎಡ್ವರ್ಡ್ ತಲೆಯ ಸ್ಟಾಂಪು. ಅದರ ಮೇಲೆ ಕೊಡಗಿನದೇ ಊರಾದ ಪಾಲಿಬೆಟ್ಟದ ಸೀಲು, ವರ್ಷದ ಜಾಗದಲ್ಲಿ ಮಸಿ ಕಲಸಿಹೋಗಿದೆ. ಪರವಾಗಿಲ್ಲ. ಎಡ್ವರ್ಡ್ ಸ್ಟಾಂಪು ನಮ್ಮಲ್ಲಿ ಬಂದದ್ದು 1902ರಲ್ಲಿ, ಅವನು ತೀರಿಕೊಂಡದ್ದು 1910ರಲ್ಲಿ, ಐದನೇ ಜಾರ್ಜ್ ಸ್ಟಾಂಪು ಶುರುವಾದದ್ದು 1911ರಲ್ಲಿ. ಅಲ್ಲಿಗೆ ಕಾಲ ಹೆಚ್ಚುಕಮ್ಮಿ ಸಿಕ್ಕಿತು ಅಲ್ವಾ? ಇನ್ನೊಂದು ಮೂಲೆಯಲ್ಲಿ ಬೆಂಗಳೂರು ಕಂಟೋನ್ಮೆಂಟಿನ ಡೆಲಿವರಿ ಸೀಲು. ಎರಡೂ ಸೀಲಿನ ತಾರೀಕಿಗೆ ಎರಡೇ ದಿನದ ಅಂತರ. ಪಾಲಿಬೆಟ್ಟದಿಂದ ಮೈಸೂರಿನವರೆಗೆ ರಸ್ತೆ, ಅಲ್ಲಿಂದ ರೈಲು. ಈಗ ಎಷ್ಟು ದಿನ ಅಂತ ನನ್ನನ್ನು ಕೇಳಬೇಡಿ, ಪೆನ್ಷನ್ ಬರುವುದು ಅಲ್ಲಿಂದಲೇ. ಬರೆದವನು ಯಾವುದೋ ತೋಟದ ದೊರೆ ಇರಬೇಕು. ಮಳೆ ನಿಂತಿಲ್ಲ, ಬೂಟಿಗೆಲ್ಲ ಬೂಷ್ಟು ಬಂದಿದೆ ಅಂತ ಗೋಳಾಡಿದ್ದಾನೆ. ಜುಲೈ ತಿಂಗಳಲ್ಲಿ ನಮ್ಮ ಫ್ಯಾಮಿಲಿ ಗ್ರೂಪಿನಲ್ಲೂ ಇದೇ ಮಾತು.

ಒಂದು ಎಚ್ಚರಿಕೆ. ಸೀಲು ಹೇಳುವುದು ಕಾರ್ಡು ಪೋಸ್ಟ್ ಆದ ದಿನವನ್ನು, ಫೋಟೊ ತೆಗೆದ ದಿನವನ್ನಲ್ಲ. ಅಂಗಡಿಯವರು ಒಂದೇ ಚಿತ್ರವನ್ನು ವರ್ಷಗಟ್ಟಲೆ ಅಚ್ಚು ಹಾಕಿ ಮಾರುತ್ತಿದ್ದರು. ಸ್ಟಾಂಪಿನ ಜೊತೆ ಹಿಂಬದಿಯ ಗೆರೆಯನ್ನೂ ನೋಡಿ. ನಮ್ಮ ದೇಶದಲ್ಲಿ ಸರ್ಕಾರಿ ಪೋಸ್ಟ್‌ಕಾರ್ಡ್ ಶುರುವಾದದ್ದು 1879ರ ಜುಲೈ 1ರಂದು, ಬೆಲೆ ಕಾಲಾಣೆ. ಖಾಸಗಿಯವರ ಚಿತ್ರದ ಕಾರ್ಡು ಬಂದದ್ದು ಆಮೇಲೆ. ಮೊದಮೊದಲು ಒಂದು ಬದಿ ಪೂರ್ತಿ ಅಡ್ರೆಸಿಗೇ ಮೀಸಲು. ಏನಾದರೂ ಬರೆಯಬೇಕೆಂದರೆ ಚಿತ್ರದ ಪಕ್ಕದ ಖಾಲಿ ಜಾಗದಲ್ಲಿ ತುರುಕಬೇಕಿತ್ತು. ಮಧ್ಯೆ ಗೆರೆ ಎಳೆದು ಅರ್ಧ ಅಡ್ರೆಸಿಗೆ, ಅರ್ಧ ಮಾತಿಗೆ ಅಂತ ಮಾಡಿದ್ದು ಇಂಗ್ಲೆಂಡಿನವರು, 1902ರಲ್ಲಿ. ಉಳಿದ ದೇಶಗಳು ಹಿಂದೆ ಹಿಂದೆ ಬಂದವು. ಹಾಗಾಗಿ ಗೆರೆ ಇಲ್ಲದ ಕಾರ್ಡು ಸಿಕ್ಕಿತು ಅಂದರೆ ಅದು ಸಾಮಾನ್ಯವಾಗಿ ಹಳೆಯದು. ಇಲ್ಲಿ ಅಂಥವು ಕೆಲವು ಇವೆ. ಒಂದರಲ್ಲಿ ಮಡಿಕೇರಿಯ ರಾಜಾ ಸೀಟ್ ಉದ್ಯಾನದ ಮಂಟಪದ ಮೇಲಿನ ಆಕಾಶದ ತುಂಬ ಇರುವೆ ಸಾಲಿನಂಥ ಅಕ್ಷರ.

ಭೂತಗನ್ನಡಿ ಕೇಳಿ ತೆಗೆದುಕೊಳ್ಳಿ, ಮೇಜಿನ ಡ್ರಾಯರಿನಲ್ಲೇ ಇರುತ್ತದೆ, ಅವರಾಗಿ ಕೊಡುವುದಿಲ್ಲ. ಅದರಲ್ಲಿ ನೋಡಿದಾಗ ಸಾಲುಸಾಲು ಚುಕ್ಕೆ ಕಂಡರೆ ಪ್ರೆಸ್ಸಿನಲ್ಲಿ ಅಚ್ಚಾದದ್ದು. ಚುಕ್ಕೆಯೇ ಇಲ್ಲದೆ ನುಣ್ಣಗೆ ಇದ್ದರೆ ಬಹುಶಃ ಅಸಲಿ ಫೋಟೊ. ಸೊಸೆಗೆ ದೊಡ್ಡದು ಮಾಡಿಸಲು ಬೇಕಿದ್ದದ್ದು ಇಂಥದ್ದೇ, ಚುಕ್ಕೆಯದ್ದು ದೊಡ್ಡದಾದರೆ ಬರೀ ಚುಕ್ಕೆಯೇ ಕಾಣುತ್ತದೆ. ಬಣ್ಣದ ಕಾರ್ಡಿನ ಬಣ್ಣವನ್ನಂತೂ ನಂಬಲೇಬೇಡಿ. ಒಂದರಲ್ಲಿ ಕೊಡವ ಸಂಸಾರವೊಂದು ಐನ್‌ಮನೆಯ, ಅಂದರೆ ಮನೆತನದ ಮೂಲ ಮನೆಯ, ಮುಂದೆ ನಿಂತಿದೆ. ಗಂಡಸರ ಕುಪ್ಯಕ್ಕೆ (ಉದ್ದ ಕೋಟು) ಆಕಾಶ ನೀಲಿ, ಚೇಲೆಗೆ (ಸೊಂಟದ ಪಟ್ಟಿ) ಹಸಿರು! ಆ ಕಾಲದ ಬಣ್ಣದ ಕಾರ್ಡುಗಳು ಜಾಸ್ತಿ ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ, 1914ರ ಯುದ್ಧ ಶುರುವಾಗುವವರೆಗೆ. ಕಪ್ಪು ಬಿಳುಪು ಫೋಟೊ ಹಿಡಿದುಕೊಂಡು ಕೂತ ಅಲ್ಲಿಯವನಿಗೆ ಕುಪ್ಯ ಕಪ್ಪು, ಚೇಲೆ ಕೆಂಪು ಅಂತ ಯಾರು ಹೇಳಬೇಕು? ಸೊಂಟಕ್ಕೆ ಸಿಕ್ಕಿಸಿದ ಪೀಚೆಕತ್ತಿಯ ಹಿಡಿ ಮಾತ್ರ ಗೆರೆ ಗೆರೆಯೂ ಸ್ಪಷ್ಟ. ಅದು ಕ್ಯಾಮೆರಾದ ಕೆಲಸ.

ಬೇರೆ ಊರುಗಳ ಫೋಲ್ಡರಿನಲ್ಲಿ ರೈಲ್ವೆ ಸ್ಟೇಷನ್ನಿನ ಕಾರ್ಡು ಒಂದಾದರೂ ಇರುತ್ತದೆ. ನಮ್ಮದರಲ್ಲಿ ಇಲ್ಲ. ಇವತ್ತಿಗೂ ಕೊಡಗಿಗೆ ರೈಲಿಲ್ಲ ತಾನೇ.

ಈಗ ಅಂಟಿನ ವಿಷಯ. ಸಂಗ್ರಹದ ಒಳ್ಳೊಳ್ಳೆಯ ಕಾರ್ಡುಗಳು ಯಾರದ್ದೋ ಮನೆಯಿಂದ ಬಂದ ದಪ್ಪ ಆಲ್ಬಮ್ಮುಗಳಲ್ಲಿವೆ. ಆ ಪುಣ್ಯಾತ್ಮರು ಒಂದೊಂದನ್ನೂ ಗೋಂದು ಹಚ್ಚಿ ಗಟ್ಟಿಯಾಗಿ ಅಂಟಿಸಿದ್ದಾರೆ. ನಾಲ್ಕು ಮೂಲೆಗೆ ಕಾಗದದ ಕೊಂಡಿ ಹಾಕಿದ್ದರೆ ಸಾಕಿತ್ತು. ಹಬೆ ಹಿಡಿದು ಬಿಡಿಸಿದರೆ ಶಾಯಿ ಹರಡುತ್ತದೆ, ನುರಿತವರೇ ಮಾಡಬೇಕು, ಅಷ್ಟು ದುಡ್ಡು ನಮ್ಮ ಹತ್ತಿರ ಇಲ್ಲ ಅಂತ ಲೈಬ್ರರಿಯವರು ಹೇಳುತ್ತಾರೆ. ಅದನ್ನು ಒಪ್ಪುತ್ತೇನೆ. ಒಪ್ಪದೇ ಇರುವುದು ಇದನ್ನು: ಯಾವುದು ಅಂಟಿದ್ದು, ಯಾವುದು ಬಿಡಿ ಅಂತ ಚೀಟಿಯಲ್ಲಿ ಬರೆಯುವುದಕ್ಕೆ ಏನು ಕಷ್ಟ? ಚೀಟಿ ಕೊಟ್ಟು, ಅವರು ಮಹಡಿ ಹತ್ತಿ ಇಳಿದು, ಕೊನೆಗೆ ಮೇಜಿಗೆ ಬರುವುದು ಬೆನ್ನು ಕಾಣದ ಕಾರ್ಡು. ಬಿಡಿ ಕಾರ್ಡಿನ ಚೀಟಿಯಲ್ಲೂ ಸೀಲು, ಸ್ಟಾಂಪು, ಬರವಣಿಗೆಯ ಬಗ್ಗೆ ಒಂದಕ್ಷರ ಇಲ್ಲ. ಹಳೇ ಹೆಸರು, ಹೊಸ ಹೆಸರುಗಳ ಗಲಾಟೆ ಬೇರೆ. ಕುಶಾಲನಗರ ಕೇಳಿದರೆ ಏನೂ ಇಲ್ಲ ಅನ್ನುತ್ತಾರೆ, ಫ್ರೇಜರ್‌ಪೇಟೆ ಅಂದರೆ ಫೋಲ್ಡರ್ ಬರುತ್ತದೆ. ಎರಡನ್ನೂ ಬರೆದು ಕೊಡಿ.

ಫಾರಂ ತುಂಬಿದರೆ ಮೊಬೈಲಿನಲ್ಲಿ ಫೋಟೊ ತೆಗೆಯಲು ಬಿಡುತ್ತಾರೆ, ಫ್ಲ್ಯಾಶ್ ಹಾಕುವಂತಿಲ್ಲ. ಗೋಡೆಗೆ ಹಾಕುವಷ್ಟು ಚೆನ್ನಾಗಿ ಬೇಕೆಂದರೆ 600 ಡಿಪಿಐ ಸ್ಕ್ಯಾನ್, ಒಂದು ಬದಿಗೆ 150 ರೂಪಾಯಿ. ಹಿಂಬದಿಗೆ ಬೇರೆ 150. ಜಾಸ್ತಿ ಅನ್ನಿಸಿತು, ಆದರೂ ಕೊಟ್ಟೆ. ಇದು ಕಾಪಿರೈಟಿನ ದುಡ್ಡಲ್ಲ, ಸ್ಕ್ಯಾನಿನ ಕೂಲಿ. ನಮ್ಮ ಕಾನೂನಿನಲ್ಲಿ ಫೋಟೊ ಪ್ರಕಟವಾಗಿ 60 ವರ್ಷದ ಮೇಲೆ ಹಕ್ಕು ಮುಗಿಯುತ್ತದೆ, ಎಡ್ವರ್ಡ್ ಕಾಲದ್ದಕ್ಕೆ ಆ ಚಿಂತೆ ಇಲ್ಲ. ಸೊಸೆ ರಾಜಾ ಸೀಟಿನದ್ದನ್ನು ಆರಿಸಿದಳು. ಕಾರಂಜಿ ಇಲ್ಲ, ಜನ ಇಲ್ಲ, ಬರೀ ಮಂಟಪ, ಅದರಾಚೆ ಬೆಟ್ಟ. ಹಿಂಬದಿಯನ್ನೂ ಪಕ್ಕದಲ್ಲೇ ಫ್ರೇಮ್ ಹಾಕಿಸು ಅಂದೆ. 'ಅತ್ತೆ, ಗೆಸ್ಟುಗಳು ಪಂದಿಕರಿ ತಿನ್ನೋಕೆ ಬರೋದು' ಅಂದಳು. ಹಿಂಬದಿ ನನ್ನ ರೂಮಿನಲ್ಲಿದೆ.

ಮಡಿಕೇರಿಗೆ ಬರಲಾಗದವರು ಬಾಸೆಲ್ ಮಿಷನ್ನಿನ ಹಳೇ ಫೋಟೊ ಸಂಗ್ರಹವನ್ನು ಇಂಟರ್ನೆಟ್ಟಿನಲ್ಲಿ ನೋಡಿ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಕ್ರೈಸ್ತ ಮಿಷನ್ ಅದು. 'ಮಂಗಳೂರ ಸಮಾಚಾರ' ಪತ್ರಿಕೆ ನಡೆಸಿದ ಅದೇ ಮಿಷನ್ನಿನ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿನಲ್ಲೂ ಇದ್ದರು. ಆ ಸಂಗ್ರಹದಲ್ಲೂ ಕೊಡಗು, ಮಡಿಕೇರಿಯ ಹಳೇ ಹೆಸರುಗಳಾದ ಕೂರ್ಗ್, ಮರ್ಕೇರಾ ಅಂತಲೇ ಇಂಗ್ಲಿಷಿನಲ್ಲಿ ಹುಡುಕಿ, ಮಡಿಕೇರಿ ಒಂದೇ ಹಾಕಿದರೆ ಸಾಲದು.

ಮಳೆಗಾಲದಲ್ಲಿ ಹೋಗಬೇಡಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಪೆಟ್ಟಿಗೆಗಳನ್ನು ತೆಗೆಯುವುದೇ ಇಲ್ಲ, ಥಂಡಿಗೆ ಕಾರ್ಡುಗಳು ಕವರಿಗೆ ಅಂಟಿಕೊಳ್ಳುತ್ತವೆ. ತೇವ ಹೀರುವ ಮಿಷನ್ ಒಂದಿದೆ, ಕರೆಂಟು ಇದ್ದರೆ ಓಡುತ್ತದೆ. ಡಿಸೆಂಬರ್, ಜನವರಿ ಒಳ್ಳೆಯದು. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುತ್ತಾರೆ, ಬೆಳಗ್ಗೆಯೇ ಹೋಗಿ. ಗಾಡಿ ನಿಲ್ಲಿಸಲು ಜಾಗವಿಲ್ಲ, ಬಸ್‌ಸ್ಟ್ಯಾಂಡ್ ಕಡೆ ಬಿಟ್ಟು ನಡೆದು ಬನ್ನಿ. ಸ್ಕ್ಯಾನ್ ಮಾಡಿಸಿದರೆ ರಸೀದಿಯ ಮೇಲೆ ಫೋಲ್ಡರ್ ನಂಬರು, ಕಾರ್ಡಿನ ನಂಬರು ಎರಡೂ ಬರೆಸಿಕೊಳ್ಳಿ. ಆ ನಂಬರ್ ಇಲ್ಲದೆ ಮುಂದಿನ ಸಲ ಅದೇ ಕಾರ್ಡನ್ನು ಅವರಿಗೂ ಹುಡುಕಿ ಕೊಡಲು ಆಗುವುದಿಲ್ಲ.